ಐದು ಪದಗಳ ಮುಂದೆ

ಅರ್ಥವಾಗದ ಪದವನ್ನು ದಾಟಿ ಮುಂದೆ ಹೋಗುವುದು ಟೈಪಿಂಗ್ ಅಕ್ಕನಿಗೆ ಬರುತ್ತಲೇ ಇರಲಿಲ್ಲ. ನಾವೆಲ್ಲ ದಿನಕ್ಕೆ ನೂರು ಸಲ ದಾಟುತ್ತೇವೆ. ಔಷಧದ ಚೀಟಿಯಲ್ಲಿ, ಬಾಡಿಗೆಯ ಕರಾರಿನಲ್ಲಿ, ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ ಗೊತ್ತಿಲ್ಲದ್ದೊಂದು ಎದುರಾದರೆ, ಕೆಸರಿನ ಗುಂಡಿ ಕಂಡವರಂತೆ ಬಟ್ಟೆ ಎತ್ತಿ ಹಾರಿ, ಆಚೆಗೆ ನಿಂತು, ಎಲ್ಲ ತಿಳಿಯಿತೆಂಬಂತೆ ಗಂಭೀರವಾಗಿ ತಲೆಯಾಡಿಸುತ್ತೇವೆ. ಅವರು ಹಾರುತ್ತಿರಲಿಲ್ಲ. ದಾರಿಗೆ ಅಡ್ಡಲಾಗಿ ಯಾರೋ ಮಲಗಿದ್ದಾರೆ, ಎದ್ದು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ನಿಲ್ಲುವವರ ಹಾಗೆ ಆ ಪದದ ಮುಂದೆ ನಿಂತುಬಿಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಎದುರಿಗೆ ವಕೀಲರಿರಲಿ, ಹಾಲಿನವನಿರಲಿ, ಒಂದೇ ದನಿಯಲ್ಲಿ "ಅಂದರೆ?" ಎಂದು ಕೇಳುತ್ತಿದ್ದರು.

ಆ "ಅಂದರೆ?" ಎಂಬುದರಲ್ಲಿ ಗರ್ವವಿರಲಿಲ್ಲ, ಪರೀಕ್ಷೆಯಿರಲಿಲ್ಲ, ಒಂದು ಬಗೆಯ ಅಂಜಿಕೆಯಿತ್ತು. ಕತ್ತಲೆಯ ಕೋಣೆಗೆ ಕಾಲಿಡುವ ಮುಂಚೆ ಗೋಡೆ ತಡವುವ ಕೈಯಲ್ಲಿರುತ್ತದಲ್ಲ, ಅಂಥದ್ದು. ಆದರೆ ಕೇಳಿಸಿಕೊಂಡವರಿಗೆ ಅಂಜಿಕೆ ಕೇಳಿಸುತ್ತಿರಲಿಲ್ಲ, ಅಧಿಕಪ್ರಸಂಗವಷ್ಟೇ ಕೇಳಿಸುತ್ತಿತ್ತು. ಒಮ್ಮೆ ನಾನೇ ನನ್ನ ಅಂಕಣದ ಹಸ್ತಪ್ರತಿಯನ್ನು ಬೆರಳಚ್ಚಿಗೆ ಕೊಟ್ಟಿದ್ದೆ. ಸಮಾಜದ ಸಾಕ್ಷಿಪ್ರಜ್ಞೆ ಸತ್ತುಹೋಗಿದೆ ಎಂದು ಅದರಲ್ಲಿ ಗುಡುಗಿದ್ದೆ. "ಅಂದರೆ? ಯಾರದ್ದು? ಹೆಸರಿದ್ದರೆ ಹಾಕಿ" ಎಂದರು. ಸಿಟ್ಟಿನಿಂದ ಕಾಗದ ಕಿತ್ತುಕೊಂಡು ಬಂದವನಿಗೆ, ಹೆಸರು ಹಾಕುವ ಧೈರ್ಯವಿಲ್ಲದ್ದರಿಂದಲೇ ಸಮಾಜ ಎಂದು ಬರೆದಿದ್ದೇನೆಂದು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಅವರ ಅಂಗಡಿ ಎಂದರೆ ಕಚೇರಿಗಳಿರುವ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ, ಮಂಚ ಹಾಕಿದರೆ ಬಾಗಿಲು ಮುಚ್ಚಲಾಗದಷ್ಟು ಕಿರಿದಾದ ಒಂದು ಕೋಣೆ. ಒಂದು ಟೈಪ್‌ರೈಟರು, ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ ದಾರ, ಆ ದಾರಕ್ಕೆ ಬಟ್ಟೆಯ ಕ್ಲಿಪ್ಪುಗಳಲ್ಲಿ ಸಿಕ್ಕಿಸಿದ ಚೀಟಿಗಳು, ಒಂದೊಂದರಲ್ಲೂ ಒಂದೊಂದು ಪದ. ಚಳಿಯಿರಲಿ ಸೆಕೆಯಿರಲಿ ಮೈಮೇಲೆ ಗಂಡಸರ ಕಂದು ಕೋಟು, ಹಡಗಿನಲ್ಲಿ ಅಡುಗೆಯವನಾಗಿದ್ದ ಅಣ್ಣನದ್ದು. ತೋಳು ಉದ್ದವಾಗಿ ಎರಡು ಮಡಿಕೆ ಹಾಕಿದ್ದರು. ಆ ಕೋಟಿನ ನಾಲ್ಕು ಜೇಬುಗಳಲ್ಲೂ ಚೀಟಿಗಳೇ. ನಡೆಯುವಾಗ ಬಲಗೈ ಜೇಬಿನೊಳಗೆ ಚೀಟಿಗಳನ್ನು ಎಣಿಸುತ್ತಿರುವಂತೆ ಚಲಿಸುತ್ತಿತ್ತು. ಹತ್ತು ಹೆಜ್ಜೆ ಸರಸರನೆ ನಡೆದು, ಬೀದಿಯ ನಟ್ಟನಡುವೆ ಗಕ್ಕನೆ ನಿಂತು, ತುಟಿ ಅಲ್ಲಾಡಿಸಿ, ಮತ್ತೆ ಹತ್ತು ಹೆಜ್ಜೆ. ಹಿಂದೆ ಬರುವ ಸೈಕಲ್ಲಿನವರು ಬೈದುಕೊಂಡು ಸುತ್ತಿ ಹೋಗುತ್ತಿದ್ದರು.

ಅಣ್ಣ ಹಡಗಿನಿಂದ ಕಾಯಿಲೆ ಹಿಡಿದು ಮರಳಿದಾಗ ಆ ಕೋಟಿನ ಒಳಜೇಬಿನಲ್ಲಿ ಒಂದು ಇಟಾಲಿಯನ್ ವ್ಯಾಕರಣದ ಪುಸ್ತಕವಿತ್ತು. ಮೊದಲ ಮೂವತ್ತಾರು ಪುಟಗಳನ್ನು ಯಾವುದೋ ಸಮುದ್ರದಲ್ಲಿ ಯಾವುದೋ ಒಲೆ ಹೊತ್ತಿಸಲು ಅವನು ಬಳಸಿಬಿಟ್ಟಿದ್ದ. ಅವನು ತೀರಿಹೋದ ಮೇಲೆ, ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಈ ತಂಗಿ, ಉಳಿದ ಪುಟಗಳನ್ನು ಹನ್ನೊಂದು ವರ್ಷ ಓದಿದರು. ನಮಸ್ಕಾರ, ಕ್ಷೇಮವೇ, ನಿಮ್ಮ ಹೆಸರೇನು ಎಂಬ ಪಾಠಗಳೆಲ್ಲ ಸುಟ್ಟುಹೋದ ಪುಟಗಳಲ್ಲಿದ್ದುದರಿಂದ ಅವರ ಇಟಾಲಿಯನ್ನಿಗೆ ಕುಶಲಪ್ರಶ್ನೆಯೆಂಬುದೇ ಇರಲಿಲ್ಲ. ಆಜ್ಞೆಗಳಿದ್ದವು, ಷರತ್ತುಗಳಿದ್ದವು, ಒಂದುವೇಳೆಗಳಿದ್ದವು. ಮುದ್ರಣಾಲಯಕ್ಕೆ ಯಂತ್ರ ಜೋಡಿಸಲು ಆ ದೇಶದ ಎಂಜಿನಿಯರನೊಬ್ಬ ಬಂದಾಗ ಇವರನ್ನು ಕರೆದೊಯ್ದು ಮಾತಾಡಿಸಿ ಎಂದರಂತೆ. ಇವರು ನಮಸ್ಕಾರವನ್ನೂ ಹೇಳದೆ, ಅದು ಬಾರದ್ದರಿಂದ, ಜೇಬಿನ ಚೀಟಿ ತೆಗೆದು ಇಂಥ ವಾಕ್ಯದಲ್ಲಿ ಇಂಥ ಪ್ರತ್ಯಯ ಯಾಕೆ ಬಂತೆಂದು ಕೇಳಿದರು. ಅವನು ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಊಟದ ಹೊತ್ತು ಮೀರಿದರೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ನಿಂತಿದ್ದ. ಹೊರಡುವಾಗ, ನನ್ನ ಭಾಷೆಯಲ್ಲಿ ನನಗೆ ಗೊತ್ತಿಲ್ಲದ್ದು ಇಷ್ಟಿದೆಯೆಂದು ಗೊತ್ತಿರಲಿಲ್ಲ ಎಂದನಂತೆ. ಈ ಸುದ್ದಿ ಹಬ್ಬಿ, ಕೊನೆಗೆ ಕೋರ್ಟಿನವರೂ ಒಪ್ಪಿ ಅಧಿಕೃತ ಭಾಷಾಂತರಕಾರರೆಂದು ದುಂಡನೆಯ ಒಂದು ರಬ್ಬರ್ ಸೀಲು ಕೊಟ್ಟರು. ಅದನ್ನು ತಗಡಿನ ಡಬ್ಬಿಯಲ್ಲಿ, ಡಬ್ಬಿಯನ್ನು ಕೋಟಿನ ಎಡಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೀಲು ಒತ್ತುವುದಕ್ಕೆ ಮುಂಚೆ ಕಾಗದವನ್ನು ಮೂರು ಸಲ ಓದಬೇಕು: ಒಮ್ಮೆ ಕಣ್ಣಿನಿಂದ, ಒಮ್ಮೆ ದನಿಯಿಂದ, ಮೂರನೆಯ ಸಲ ಆ ಕಾಗದ ಯಾರ ಕೈಗೆ ಹೋಗುತ್ತದೋ ಅವರಿಗೇ ಕೇಳುವಂತೆ. ಮೂಲದಲ್ಲಿ ಇಲ್ಲದ್ದನ್ನು ಒಂದಕ್ಷರವೂ ಸೇರಿಸುವಂತಿಲ್ಲ, ಇರುವುದನ್ನು ಒಂದಕ್ಷರವೂ ಬಿಡುವಂತಿಲ್ಲ. ದೇವರ ಮೇಲೆ ಇಷ್ಟು ನಿಷ್ಠೆಯಿದ್ದವರನ್ನು ನಾನು ಕಂಡಿದ್ದೇನೆ. ಪೂರ್ಣವಿರಾಮದ ಮೇಲೆ ಕಂಡಿಲ್ಲ.

ಆ ದಿನ ಬೆಳಿಗ್ಗೆ ಬಂದವರು ಬಟ್ಟೆ ಒಗೆಯುವ ಕಾರ್ಖಾನೆಯ ಮ್ಯಾನೇಜರು. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆಬಟ್ಟೆಯೆಲ್ಲ ಅಲ್ಲಿ ಒಗೆದು ಬರುತ್ತದೆ. ಒಗೆದದ್ದರ ನೀರು ಹಿಂಡಲು ಅಲ್ಲೊಂದು ಹಳೆಯ ಇಟಾಲಿಯನ್ ಯಂತ್ರ, ಬಾವಿಯ ಕಟ್ಟೆಯಷ್ಟು ಅಗಲದ ತೊಟ್ಟಿ, ಒಳಗೆ ಗಿರಗಿರನೆ ತಿರುಗುವ ಉಕ್ಕಿನ ಪೀಪಾಯಿ, ಮೇಲೊಂದು ಮುಚ್ಚಳ. ಮುಚ್ಚಳದ ಮೇಲೆ ಹಿತ್ತಾಳೆಯ ತಗಡಿನಲ್ಲಿ ಐದು ಪದಗಳು. ಮ್ಯಾನೇಜರು ಅದರ ಫೋಟೋ ತಂದಿದ್ದರು. ಮುಂದಿನ ವಾರ ಸುರಕ್ಷತೆಯ ತಪಾಸಣೆಗೆ ಅಧಿಕಾರಿ ಬರುತ್ತಾರೆ, ಎಚ್ಚರಿಕೆಯ ಮಾತು ಕೆಲಸದವರ ಭಾಷೆಯಲ್ಲಿರಬೇಕಂತೆ, ಬೋರ್ಡು ಬರೆಯುವವನು ಬಣ್ಣ ಕಲಸಿಕೊಂಡು ಕೂತಿದ್ದಾನೆ, ಐದು ಪದ, ಹತ್ತು ನಿಮಿಷದ ಕೆಲಸ, ನೀವು ಬರೆಯುವ ತಾಪತ್ರಯವೂ ಬೇಡ, ನಾನೇ ಬರೆದು ತಂದಿದ್ದೇನೆ, ಸೀಲು ಒತ್ತಿದರೆ ಸಾಕು ಎಂದು ಇನ್ನೊಂದು ಚೀಟಿ ಮುಂದಿಟ್ಟರು. ಅದರಲ್ಲಿ 'ಸ್ವಿಚ್ ಆರಿಸಿದ ಮೇಲೆ ತೆರೆಯಿರಿ' ಎಂದಿತ್ತು.

ಅಕ್ಕ ಫೋಟೋವನ್ನೇ ನೋಡುತ್ತ ಕುಳಿತರು. ತಾಯಿಯಿಲ್ಲದೆ ಅಕ್ಕನ ಮನೆಯಲ್ಲೇ ಬೆಳೆದ, ಅಕ್ಕನ ತಂಗಿಯ ಮಗಳು ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದುದು ಅದೇ ಕಾರ್ಖಾನೆಯಲ್ಲಿ, ಅದೇ ಹಿಂಡುವ ಯಂತ್ರದ ಮುಂದೆ. ನೀರು ಹಿಂಡೋದು, ದೊಡ್ಡಮ್ಮ, ಇನ್ನೇನಿಲ್ಲ ಎಂದಿದ್ದಳು ಹುಡುಗಿ. ಆ ಇನ್ನೇನಿಲ್ಲದ ಮೇಲೆ ಹಿತ್ತಾಳೆಯಲ್ಲಿ ಕೊರೆದ ಎಚ್ಚರಿಕೆಯೊಂದು ಇದೆಯೆಂದು ಅವರಿಗೆ ಆವತ್ತೇ ಗೊತ್ತಾದದ್ದು.

"ತಗಡಿನಲ್ಲಿ ಸ್ವಿಚ್ಚು ಅನ್ನೋ ಮಾತು ಎಲ್ಲಿದೆ?" ಎಂದರು.

ಅರ್ಥ ಅದೇ ತಾನೇ ಎಂದರು ಮ್ಯಾನೇಜರು.

"ಫ್ಯಾನಿನ ಸ್ವಿಚ್ ಆರಿಸಿದ ತಕ್ಷಣ ರೆಕ್ಕೆ ನಿಲ್ಲುತ್ತಾ?"

"ಅಷ್ಟು ವ್ಯತ್ಯಾಸ ಯಾರು ನೋಡ್ತಾರಮ್ಮ?"

"ಕೈ ನೋಡುತ್ತೆ."

ಮ್ಯಾನೇಜರು ಗಡಿಯಾರ ನೋಡಿಕೊಂಡು, ನಾಳೆ ಸಂಜೆಗೆ ಬರುತ್ತೇನೆಂದು ಎದ್ದರು. ಪಕ್ಕದ ಜೆರಾಕ್ಸಿನವರು ಇಣುಕಿ, ಅಕ್ಕ, ಐದು ಪದಕ್ಕೆ ಎರಡು ದಿನವಾದರೆ ಒಂದು ಪುಟ ಕೊಟ್ಟವರು ತಮ್ಮ ಮೊಮ್ಮಕ್ಕಳಿಗೆ ರಸೀದಿ ಬರೆದಿಟ್ಟು ಹೋಗಬೇಕು ಎಂದು ತಮಾಷೆ ಮಾಡಿದರು. ಅಕ್ಕ ನಗಲಿಲ್ಲ. ದಾರಕ್ಕೆ ಆಗಲೇ ಐದು ಚೀಟಿಗಳು ಏರಿದ್ದವು: ಅಪ್ರೀರೆ, ಸೋಲೊ, ಆ, ಮಾಕ್ಕಿನ, ಫೆರ್ಮ.

ಆ ಐದರ ಜೊತೆ ಅವರು ಕಳೆದ ಒಂದೂವರೆ ದಿನವನ್ನು ವ್ಯಾಕರಣವೆಂದರೆ ಪರೀಕ್ಷೆಯ ಕಾಟವೆಂದು ತಿಳಿದಿರುವವರಿಗೆ ಹೇಳಿ ಒಪ್ಪಿಸುವುದು ಕಷ್ಟ. ಅಪ್ರೀರೆ ಎಂದರೆ ತೆರೆಯುವುದು. ನೀನು ತೆರೆ ಎಂದಿಲ್ಲ, ತಾವು ತೆರೆಯಿರಿ ಎಂದೂ ಇಲ್ಲ; ಕ್ರಿಯೆಯ ಬರಿಯ ಹೆಸರನ್ನು ಹೇಳಿ ಅದನ್ನೇ ಆಜ್ಞೆಯಾಗಿಸಿದ್ದಾರೆ. ನಮ್ಮ ಕಚೇರಿಗಳೂ ಸಾಲಿನಲ್ಲಿ ಬರುವುದು, ಚಪ್ಪಲಿ ಹೊರಗೆ ಬಿಡುವುದು ಎನ್ನುತ್ತವಲ್ಲ, ಹಾಗೆ. ಯಾರಿಗೆ ಹೇಳಿದ್ದು? ಯಾರು ಓದುತ್ತಾರೋ ಅವರಿಗೆ, ಯಾರ ಕೈ ಮುಚ್ಚಳದ ಮೇಲಿದೆಯೋ ಅವರಿಗೆ. ಎರಡು ಭಾಷೆಗಳು ಇಷ್ಟು ದೂರದಿಂದ ಒಂದೇ ಉಪಾಯಕ್ಕೆ ಬಂದದ್ದು ಕಂಡು ಅಕ್ಕನಿಗೆ ಆ ಆತಂಕದ ನಡುವೆಯೂ ಸಂತೋಷವಾಯಿತು. ಸೋಲೊ ಎಂದರೆ ಮಾತ್ರ. ಅವರಲ್ಲಿ ಅದು ತಾನು ಕಾಯುವ ಮಾತಿನ ಮುಂದೆ ನಿಲ್ಲುತ್ತದೆ, ನಮ್ಮಲ್ಲಿ ಹಿಂದೆ. ಮಾಕ್ಕಿನ ಎಂದರೆ ಯಂತ್ರ, ಆ ಭಾಷೆಯಲ್ಲಿ ಅದು ಹೆಣ್ಣು. ಆದ್ದರಿಂದ ಅದರ ಬೆನ್ನಿಗೆ ಬರುವ ಫೆರ್ಮವೂ ಒಂದೇ ಥಾನಿನ ಬಟ್ಟೆಯುಟ್ಟ ಮಗಳ ಹಾಗೆ ಅದೇ ಸ್ವರದಲ್ಲಿ ಮುಗಿಯುತ್ತದೆ. ನಮಗೆ ಯಂತ್ರ ಅವನೂ ಅಲ್ಲ ಅವಳೂ ಅಲ್ಲ, ಅದು. ನಡುವಿನ 'ಆ' ಒಂದೇ ಅಕ್ಷರವಾದರೂ ಅವರ ಪುಸ್ತಕದಲ್ಲಿ ಅದಕ್ಕೆ ಹನ್ನೆರಡು ಕೆಲಸಗಳು. ಇಲ್ಲಿ ಅದು ಹೇಳುತ್ತಿರುವುದು, ಸ್ಥಿತಿ ಹೀಗಿರುವಾಗ, ಎಂದು. ಕೊನೆಯ ಫೆರ್ಮದ ಮುಂದೆ ಅಕ್ಕ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತರು. ಅದು ಆರಿಸಿದ್ದಲ್ಲ, ಯಾರೋ ತಡೆದದ್ದೂ ಅಲ್ಲ. ಅಲುಗಾಟವಿಲ್ಲದೆ ಸುಮ್ಮನೆ ಇರುವುದು. ನಿಶ್ಚಲ ಎಂದು ಬರೆದರು. ಒದ್ದೆ ಕೈಯವರು ಓದುವ ಬೋರ್ಡಿಗೆ ಅದು ದೊಡ್ಡವರ ಮನೆಯ ಪದವಾಯಿತೆಂದು ಹೊಡೆದುಹಾಕಿದರು. ನಿಂತಿರುವಾಗ ಎಂದು ಬರೆದರು. ಅದಕ್ಕೆ ಮೊದಲು ತಾನಾಗಿಯೇ ಎಂದು ಸೇರಿಸಿದರು. ಮೂಲದ ತಗಡನ್ನು ಮತ್ತೊಮ್ಮೆ ನೋಡಿ, ತಾನಾಗಿಯೇ ಎಂಬ ಪದ ಅಲ್ಲಿಲ್ಲವಲ್ಲ ಎಂದು ಅದನ್ನೂ ಹೊಡೆದರು. ಹೊಡೆದ ಗೆರೆಯ ಮೇಲೆ ಪೆನ್ನು ತುಸು ಹೊತ್ತು ನಿಂತಿತ್ತು ಎಂಬುದನ್ನು ಆಮೇಲೆ ಅವರೇ ನನಗೆ ಹೇಳಿದ್ದು.

ಕೊನೆಗೆ ಉಳಿದದ್ದು ಇಷ್ಟು: ಯಂತ್ರ ನಿಂತಿರುವಾಗ ಮಾತ್ರ ತೆರೆಯುವುದು. ಕಣ್ಣಿನಿಂದ ಓದಿದರು, ದನಿಯಿಂದ ಓದಿದರು. ಮೂರನೆಯ ಓದಿಗೆ, ಯಾರ ಕೈಗೆ ಹೋಗಬೇಕೋ ಆ ಕೈ ಅವರ ಮನೆಯಲ್ಲೇ ಇತ್ತು. ಸಂಜೆ ಕೆಲಸ ಮುಗಿಸಿ ಅಂಗಡಿಗೆ ಬಂದ ಹುಡುಗಿಯನ್ನು ಎದುರಿಗೆ ಕೂರಿಸಿ ಓದಿದರು.

"ಗೊತ್ತಾಯ್ತು ದೊಡ್ಡಮ್ಮ. ನಾವು ಮಾಡೋದೂ ಹಾಗೇ," ಎಂದಳು ಅವಳು, ಜಡೆ ಬಿಚ್ಚಿಕೊಳ್ಳುತ್ತ.

ಒಂದೂವರೆ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಎಷ್ಟು ಬೇಗ ತಿಳಿದುಕೊಂಡಳು, ವಾಕ್ಯ ಎಷ್ಟು ತಿಳಿಯಾಗಿ ಬಂದಿದೆ ಎಂಬ ಹೆಮ್ಮೆಯಲ್ಲಿ ಅಕ್ಕ ಡಬ್ಬಿ ತೆಗೆದು ಸೀಲು ಒತ್ತಿದರು. ಇಡೀ ಬದುಕಿನಲ್ಲಿ ವಕೀಲರನ್ನೂ ಹಾಲಿನವನನ್ನೂ ಬಿಡದೆ ಕೇಳಿದ್ದ ಪ್ರಶ್ನೆಯನ್ನು ಆ ಒಂದು ಸಂಜೆ, ಮನೆಯ ಮಗಳನ್ನು, ಅವರು ಕೇಳಲಿಲ್ಲ.

ನಾಲ್ಕು ದಿನ ಕಳೆಯಿತು. ಬೋರ್ಡು ಕೆಂಪಕ್ಷರದಲ್ಲಿ ಯಂತ್ರದ ಮೇಲಿನ ಗೋಡೆಗೇರಿತು. ಐದನೆಯ ದಿನ ಹುಡುಗಿಗೆ ರಜೆ. ಮಧ್ಯಾಹ್ನ ಊಟದ ಡಬ್ಬಿ ತಂದಳು. ತಿಂದಾದ ಮೇಲೆ ಬೀದಿಯ ನಲ್ಲಿಯಲ್ಲಿ ಡಬ್ಬಿ ತೊಳೆದು, ಒದ್ದೆ ಬಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಜೆರಾಕ್ಸಿನವರು ತಮ್ಮ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲು ತಿರುಗಿಸುತ್ತ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಹಿಂದಿನ ಚಕ್ರ ಕಡ್ಡಿಗಳೇ ಕಾಣದಷ್ಟು ವೇಗದಲ್ಲಿ ತಿರುಗುತ್ತಿತ್ತು. ಸಾಕು ನಿಲ್ಲಲಿ ಎಂದು ಅವರು ಕೈ ತೆಗೆದದ್ದೇ ತಡ, ಹುಡುಗಿ ನಡೆಯುತ್ತ ನಡೆಯುತ್ತಲೇ ಆ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚಕ್ರದ ಅಂಚಿಗೆ ಒತ್ತಿ ಹಿಡಿದಳು. ಚಕ್ರ ಉಸ್ಸೆಂದು ನಿಂತಿತು. ಅವಳ ಕಣ್ಣು ಅದರ ಮೇಲಿರಲೂ ಇಲ್ಲ.

"ಎಂಥಾ ಬ್ರೇಕಮ್ಮಾ ನಿಂದು!" ಎಂದು ಜೆರಾಕ್ಸಿನವರು ನಕ್ಕರು.

"ನಮ್ಮಲ್ಲಿ ಎಲ್ಲರೂ ಹೀಗೇ ನಿಲ್ಲಿಸೋದು ಮಾಮ," ಎಂದಳು.

ಒಳಗೆ ಟೈಪ್‌ರೈಟರಿನ ಸದ್ದು ನಿಂತಿತು. ಅಕ್ಕ ಹೊಸ್ತಿಲಿಗೆ ಬಂದು ನಿಂತಿದ್ದರು. ಕನ್ನಡಕ ಹಣೆಯ ಮೇಲಿತ್ತು.

"ಅಂದರೆ?"

ಹುಡುಗಿ ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅದರಲ್ಲಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸ್ವಿಚ್ ಆರಿಸಿದರೂ ಪೀಪಾಯಿ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಹಿಂದೆ ಒದ್ದೆ ಬಟ್ಟೆಯ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ, ಮೇಸ್ತ್ರಿ ಕೂಗುತ್ತಿರುತ್ತಾನೆ. ಹಾಗಾಗಿ ಮುಚ್ಚಳವನ್ನು ಒಂದು ಗೇಣು ಎತ್ತಿ, ಆ ಸಂದಿಯಿಂದ ಒದ್ದೆ ಟವೆಲ್ಲು ತೂರಿಸಿ ಪೀಪಾಯಿಯ ಅಂಚಿಗೆ ಒತ್ತಿದರೆ ಬೇಗ ನಿಲ್ಲುತ್ತದೆ. ನಿಂತ ಮೇಲೇ ಪೂರಾ ತೆರೆದು ಬಟ್ಟೆ ತೆಗೆಯುವುದು. ಬೋರ್ಡಿನಲ್ಲಿ ಇದ್ದ ಹಾಗೇ. ಗೇಣು ಎತ್ತುವುದನ್ನು ಅಲ್ಲಿ ಯಾರೂ ತೆರೆಯುವುದು ಎನ್ನುವುದಿಲ್ಲ. ಅದು ಕೆಲಸದ ಲೆಕ್ಕಕ್ಕೇ ಬಾರದ, ಮೂಗು ಒರೆಸಿಕೊಂಡಷ್ಟು ಸಹಜವಾದ ಒಂದು ಚಲನೆ. ಟವೆಲ್ಲು ಸಿಕ್ಕಿಕೊಂಡರೆ ಎಂದು ಅಕ್ಕ ಕೇಳಿದರು.

"ಒಂದೊಂದ್ಸಲ ಎಳೆಯುತ್ತೆ."

"ಅಂದರೆ?"

ಅವಳು ಬಳೆ ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ ಹಗ್ಗ ಬಿಗಿದು ಬಿಟ್ಟಂತೆ ನೀಲಿ ಉಂಗುರ. ಬಳೆ ಬಿಗಿಯಾಗಿದೆ ಎಂದು ಅವಳು ಮನೆಯಲ್ಲಿ ಹೇಳಿದ್ದ ಗುರುತು ಅದು.

ಟೈಪಿಂಗ್ ಅಕ್ಕ ಆ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಲಿಲ್ಲ, ಟೈಪ್‌ರೈಟರಿನ ಮೇಲೆ ಅರ್ಧ ಮುಗಿದ ಅರ್ಜಿಯೊಂದನ್ನು ಹಾಗೇ ಬಿಟ್ಟು ಹೊರಟರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಕಾಲುಗಳು ಆವತ್ತು ನಿಲ್ಲಲಿಲ್ಲವೆಂದು ಜೆರಾಕ್ಸಿನವರು ಈಗಲೂ ಹೇಳುತ್ತಾರೆ. ದಾರಿಯುದ್ದಕ್ಕೂ ಅವರ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ: ನಾನು ಬರೆದದ್ದರಲ್ಲಿ ತಪ್ಪೆಲ್ಲಿದೆ? ತಪ್ಪಿರಲಿಲ್ಲ. ಆ ವಾಕ್ಯವನ್ನು ಯಾವ ಪಂಡಿತರ ಮುಂದಿಟ್ಟರೂ ಸರಿಯೆಂದಾರು. ಸರಿಯಾದ ವಾಕ್ಯದ ಕೆಳಗೆ, ಅದನ್ನು ಅಕ್ಷರಶಃ ಪಾಲಿಸುತ್ತ, ಒಂದು ಕೈ ದಿನಕ್ಕೆ ನಲವತ್ತು ಸಲ ತಿರುಗುವ ಉಕ್ಕಿನ ಕಡೆಗೆ ಹೋಗಿಬರುತ್ತಿತ್ತು. ತಪ್ಪಾಗಿದ್ದರೆ ತಿದ್ದಬಹುದಿತ್ತು.

ಕಾರ್ಖಾನೆಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಹಬೆ, ಸೋಪಿನ ಘಾಟು, ನೆಲದ ಮೇಲೆ ಹಿಮ್ಮಡಿ ಮುಳುಗುವಷ್ಟು ಬೂದು ನೀರು. ಯಂತ್ರದ ಮುಂದೆ ರಜೆಯಲ್ಲಿದ್ದ ಹುಡುಗಿಯ ಬದಲಿಗೆ ಹಿರಿಯ ಹೆಂಗಸೊಬ್ಬಳಿದ್ದಳು. ಅಲ್ಲಿ ಎಲ್ಲರಿಗಿಂತ ಹಳಬಳಾದ ಅವಳಿಗೆ ಎಡಗೈಯ ಎರಡು ಬೆರಳಿನ ತುದಿಗಳಿರಲಿಲ್ಲ. ಅಕ್ಕ ಬೋರ್ಡು ತೋರಿಸಿ, ಇದನ್ನು ಓದಿದ್ದೀರಾ ಎಂದರು.

"ಓದಿದೀವಿ ತಾಯಿ. ನಿಲ್ಲಿಸಿಯೇ ತೆಗೀತೀವಿ," ಎಂದಳು ಅವಳು ವಿನಯದಿಂದ, ಮೇಲಿನವರು ತಪ್ಪು ಹಿಡಿಯಲು ಯಾರನ್ನೋ ಕಳಿಸಿದ್ದಾರೆಂದುಕೊಂಡು.

ಸ್ವಿಚ್ ಆರಿಸಿ, ಕೈ ಹಾಕಬೇಡಿ, ನಾನು ನೋಡಬೇಕು ಎಂದು ಅಕ್ಕ ಬೇಡಿಕೊಂಡರು. ಹಿಂದಿನ ಗಾಡಿಯವರು ಗೊಣಗಿದರು. ಪೀಪಾಯಿ ಗುಂಯ್‌ಗುಡುತ್ತ ಇಳಿಯತೊಡಗಿತು, ಅಕ್ಕ ಎಣಿಸಿದರು. ನೂರಕ್ಕೆ ಅದು ಇನ್ನೂ ಹಾಡುತ್ತಿತ್ತು. ನೂರೈವತ್ತಕ್ಕೆ ಒಳಗಿನ ಬಿಳಿಬಟ್ಟೆಗಳು ಒಂದೊಂದಾಗಿ ಕಾಣಿಸಿಕೊಂಡವು. ನೂರಾ ತೊಂಬತ್ತಕ್ಕೆ ಒಂದು ಸಣ್ಣ ನಡುಕ ಕೊಟ್ಟು ಸುಮ್ಮನಾಯಿತು. ಇದು, ಇದೇ ಫೆರ್ಮ ಎಂದುಕೊಂಡರು ಅಕ್ಕ. ಹನ್ನೊಂದು ವರ್ಷ ಓದಿದ ಭಾಷೆಯ ಒಂದು ಪದವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡರು. ಆಗಲೇ ಅವರ ದೃಷ್ಟಿ ಮುಚ್ಚಳದ ಅಂಚಿಗೆ ಹೋಯಿತು. ಹಿತ್ತಾಳೆಯ ತಗಡಿನ ಕೆಳಗೆ, ತುಕ್ಕು ಹಿಡಿದ ಎರಡು ತೂತುಗಳು, ಸ್ಕ್ರೂ ಇದ್ದು ಕಿತ್ತು ಹಾಕಿದಂಥವು. ಅವುಗಳ ಸುತ್ತ ಅಂಗೈಯಗಲ ಬಣ್ಣ ಮಾಸದೆ ಉಳಿದಿತ್ತು.

"ಇಲ್ಲೇನಿತ್ತು?"

"ಬೀಗ ಇತ್ತು ತಾಯಿ. ತಿರುಗೋವಾಗ ಮುಚ್ಚಳ ಏಳ್ತಿರಲಿಲ್ಲ. ತಡ ಆಗುತ್ತೆ ಅಂತ ತೆಗೆಸಿದ್ರು, ನಾನು ಸೇರಿದ ವರ್ಷ," ಎಂದು ಹೇಳಿ ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನನ್ನ ಸಿಟ್ಟು ಈ ಬರಹದೊಳಗೆ ನುಗ್ಗಬೇಕಾದ ಜಾಗ ಇದು, ನುಗ್ಗಲಿ. ಆ ವಾಕ್ಯವನ್ನು ಬರೆದವರು ಬರಿಯ ವಾಕ್ಯ ಬರೆದಿರಲಿಲ್ಲ. ಅದರ ಜೊತೆಗೆ ಒಂದು ಬೀಗವನ್ನೂ ಕೊಟ್ಟಿದ್ದರು. ಇಲ್ಲಿನವರು ಬೀಗ ಕಿತ್ತು ವಾಕ್ಯ ಉಳಿಸಿಕೊಂಡರು, ಆಮೇಲೆ ಆ ವಾಕ್ಯಕ್ಕೆ ಒಂದು ಅನುವಾದ ಮಾಡಿಸಿದರು, ಅನುವಾದಕ್ಕೆ ಒಂದು ಸೀಲು ಹಾಕಿಸಿದರು. ಬೀಗ ಇರಬೇಕಾದ ಕಡೆ ವಾಕ್ಯ ನೇತುಹಾಕಿ ಕೈತೊಳೆದುಕೊಳ್ಳುವ ಈ ವಿದ್ಯೆ ಒಂದು ಕಾರ್ಖಾನೆಯದ್ದಲ್ಲ. ನಾಳೆ ಯಾರದೋ ಕೈ ಹೋದರೆ ಬೋರ್ಡು ಸಾಕ್ಷಿ ಹೇಳುತ್ತದೆ: ನಾನು ಹೇಳಿದ್ದೆ, ಅವಳೇ ಕೇಳಲಿಲ್ಲ.

ಅಕ್ಕ ಸಿಟ್ಟಾಗಲಿಲ್ಲ. ಅವರಿಗೆ ಹೆದರಿಕೆಯಾಯಿತು. ಆ ಸಾಕ್ಷಿಯ ಬೆನ್ನಿಗಿದ್ದ ದುಂಡು ಸೀಲು ಅವರದ್ದಾಗಿತ್ತು, ನಾಳೆ ಮುಂಜಾನೆ ಆ ಯಂತ್ರದ ಮುಂದೆ ನಿಲ್ಲುವವಳು ಅವರ ಮಗುವಾಗಿದ್ದಳು. ಸೀಲು ಒತ್ತಿದ ಕಾಗದ ವಾಪಸು ಕೊಡಿ ಎಂದು ಮ್ಯಾನೇಜರನ್ನು ಕೇಳಿದರು. ಅದು ಫೈಲಿಗೆ ಹೋಗಿದೆ, ತಪಾಸಣೆ ನಾಳಿದ್ದೇ ಇದೆ, ನೀವು ಬರೆದದ್ದು ಸರಿಯಾಗಿಯೇ ಇದೆಯಲ್ಲ ಎಂದರು ಅವರು. ಬೀಗ ಹಾಕಿಸಿ ಎಂದು ಕೇಳಿದರು. ಹಳೆಯ ಯಂತ್ರ, ಬಿಡಿಭಾಗ ಸಿಗುವುದಿಲ್ಲ ಎಂದರು. ತಂಗಿಯ ಮಗಳನ್ನು ಬೇಕಾದರೆ ಮಡಚುವ ಕಡೆಗೆ ಹಾಕುತ್ತೇನೆ, ಸುಲಭದ ಕೆಲಸ ಎಂದೂ ಸೇರಿಸಿದರು.

"ಅಂದರೆ?" ಎಂದರು ಅಕ್ಕ. "ಅಲ್ಲಿ ಯಾರು ನಿಲ್ತಾರೆ?"

ಮ್ಯಾನೇಜರು ಮೇಜಿನ ಮೇಲಿನ ಫೈಲನ್ನು ಮುಚ್ಚಿದರು. ಅಕ್ಕ ತಿರುಗಿ ಯಂತ್ರದ ಬಳಿಗೆ ಬಂದರು. ಕೋಟಿನ ಜೇಬಿನಿಂದ ದಪ್ಪ ಪೆನ್ನು ತೆಗೆದರು. ಬಟ್ಟೆಯ ಗಾಡಿಯೊಂದನ್ನು ಗೋಡೆಗೆ ಒತ್ತಿ, ಹಿರಿಯ ಹೆಂಗಸು ಹಿಡಿದುಕೊಂಡಿರಲು, ಅದರ ಮೇಲೆ ಹತ್ತಿ, ಕೆಂಪಕ್ಷರಗಳ ಕೆಳಗೆ, ಗಟ್ಟಿಯಾಗಿ ಓದಿಕೊಳ್ಳುತ್ತ, ಕಪ್ಪಕ್ಷರದಲ್ಲಿ ಬರೆದರು: ಒದ್ದೆ ಬಟ್ಟೆ ಒತ್ತಿ ನಿಲ್ಲಿಸಬಾರದು. ಒಂದು ಗೇಣು ಎತ್ತಿದರೂ ತೆರೆದಂತೆಯೇ. ಇಲ್ಲೊಂದು ಬೀಗ ಇತ್ತು. ಕೊನೆಯ ಸಾಲು ಓರೆಯಾಯಿತು. ಆಮೇಲೆ ಡಬ್ಬಿ ತೆಗೆದು ಸೀಲನ್ನು ಒತ್ತಿದರು. ಎಣ್ಣೆಬಣ್ಣದ ಮೇಲೆ ಮಸಿ ಜಾರಿತು. ಇನ್ನೊಮ್ಮೆ ಒತ್ತಿದರು. ಮೂರನೆಯ ಸಲಕ್ಕೆ ನೇರಳೆಯ ದುಂಡು ಅರ್ಧ ನಿಂತಿತು.

ಮ್ಯಾನೇಜರು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ಕೂಗಾಡುವ ಮನುಷ್ಯರಲ್ಲ ಅವರು, ಕಾನೂನು ಬಲ್ಲವರು. ಮೆಲ್ಲಗೆ, ಎಲ್ಲರಿಗೂ ಕೇಳುವಂತೆ, ಹೇಳಿದರು:

"ಅಮ್ಮ, ನಿಮ್ಮ ಸೀಲು ಅನುವಾದಕ್ಕೆ ಮಾತ್ರ. ಇದ್ದದ್ದಕ್ಕೆ ಒಂದಕ್ಷರ ಸೇರಿಸೋ ಹಾಗಿಲ್ಲ ಅಂತ ನೀವೇ ಹೇಳೋರು. ಇದರ ಮೂಲ ಎಲ್ಲಿದೆ, ತೋರಿಸಿ."

ಅಕ್ಕ ಗಾಡಿಯಿಂದ ಇಳಿದರು. ಮುಚ್ಚಳದ ಬಳಿಗೆ ಹೋಗಿ, ಆ ಎರಡು ತೂತುಗಳ ಮೇಲೆ ಎರಡು ಬೆರಳಿಟ್ಟರು.

"ಇಲ್ಲಿದೆ."

ಮರುದಿನ ಮ್ಯಾನೇಜರು ಕಪ್ಪಕ್ಷರಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿಸಿದರು. ಆದರೆ ಒರೆಸಿದ ಕಡೆ ಕೆಂಪೂ ಕದಡಿ ಬೋರ್ಡು ಗಾಯದಂತಾಯಿತು. ತಪಾಸಣೆಯ ಅಧಿಕಾರಿ ಬಂದವರು ಇದೇನೆಂದು ಕೇಳಿದರು. ಗಾಡಿ ಹಿಡಿದುಕೊಂಡಿದ್ದ ಹಿರಿಯ ಹೆಂಗಸು, ಓದಲು ಹೆಚ್ಚು ಬಾರದವಳು, ಅಳಿಸಿಹೋದ ಮೂರು ಸಾಲುಗಳನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ, ಗಟ್ಟಿಯಾಗಿ ಒಪ್ಪಿಸಿದಳು. ಇದಕ್ಕಿಂತ ಹೆಚ್ಚಿನ ಗೆಲುವಿನ ಕಥೆ ನನ್ನ ಬಳಿ ಇಲ್ಲ. ಯಂತ್ರಕ್ಕೆ ಬೀಗಮುದ್ರೆ ಬಿತ್ತು. ಬಿಡಿಭಾಗ ಇಪ್ಪತ್ತೆರಡು ದಿನಗಳಲ್ಲಿ ಸಿಕ್ಕಿತು. ಅಷ್ಟು ದಿನ ಹಿಂಡುವ ವಿಭಾಗದ ಹೆಂಗಸರು ಕೆಲಸವಿಲ್ಲದೆ ಕೂತರು, ಕೆಲವರು ಅಂಗಡಿಯ ಮುಂದೆ ಹಾದುಹೋಗುವಾಗ ಕೇಳುವಂತೆಯೇ ಶಪಿಸಿದರು. ಹುಡುಗಿ ಒಂದು ವಾರ ದೊಡ್ಡಮ್ಮನ ಜೊತೆ ಮಾತು ಬಿಟ್ಟಳು. ಮೂಲವಿಲ್ಲದ ಬರಹಕ್ಕೆ ಸೀಲು ಬಳಸಿದ ದೂರಿನ ಮೇಲೆ ಕೋರ್ಟಿನವರು ಸೀಲನ್ನು ಹಿಂದಕ್ಕೆ ಪಡೆದರು. ತಗಡಿನ ಡಬ್ಬಿ ಈಗಲೂ ಎಡಜೇಬಿನಲ್ಲಿದೆ, ನಡೆಯುವಾಗ ಖಾಲಿ ಸದ್ದು ಮಾಡುತ್ತದೆ.

ಯಂತ್ರಕ್ಕೆ ಬೀಗ ಬಂದು ವರ್ಷ ಕಳೆದಿದೆ. ಆದರೂ ಸಂಜೆ ಹುಡುಗಿ ಅಂಗಡಿಗೆ ಬಂದರೆ ಅಕ್ಕನ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಕೈಗಳಿಗೆ. ಎರಡೂ ಕೈ ಕಂಡ ಮೇಲೆಯೇ ಕನ್ನಡಕ ಹಣೆಯಿಂದ ಇಳಿಯುತ್ತದೆ. ಚೆನ್ನಾಗಿ ನಡೀತಿದೆ ದೊಡ್ಡಮ್ಮ ಕೆಲಸ ಎಂದು ಅವಳು ಹೇಳುತ್ತಾಳೆ. ಅಂದರೆ ಎಂದು ಇವರು ಕೇಳುತ್ತಾರೆ. ಅವಳು ಹಲ್ಲು ಕಚ್ಚಿಕೊಂಡು ಮೊದಲಿನಿಂದ ಹೇಳುತ್ತಾಳೆ.

ಪ್ರತಿ ಬೀದಿಯಲ್ಲೂ ಇಂಥವರೊಬ್ಬರಿರುತ್ತಾರೆ. ಕೌಂಟರಿನ ಮುಂದೆ ಸಾಲು ಬೆಳೆಸುವವರು, ಸಹಿ ಹಾಕುವ ಮುಂಚೆ ಹಾಳೆಯ ಬೆನ್ನು ನೋಡುವವರು, ಎಲ್ಲರಿಗೂ ತಿಳಿದದ್ದು ತಮಗೊಬ್ಬರಿಗೆ ತಿಳಿಯಲಿಲ್ಲವೆಂದು ಒಪ್ಪಿಕೊಂಡು ನಾಚುವವರು. ಅವರ ಹಿಂದೆ ನಿಂತು ನಾವು ಗೊಣಗುತ್ತೇವೆ, ನಿಧಾನವೆನ್ನುತ್ತೇವೆ, ತಲೆಹರಟೆಯೆನ್ನುತ್ತೇವೆ. ಅವರ ಹೆದರಿಕೆ ತಮ್ಮ ಸಲುವಾಗಿ ಅಲ್ಲವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ನಾವು ದಾಟಿಹೋದ ಪ್ರತಿಯೊಂದು ಪದದ ಕೆಳಗೂ ಯಾರದೋ ಕೈ ಇರಬಹುದೆಂಬ ಹೆದರಿಕೆ ಅದು. ಧೀರರೆಂದು ನಾವು ಕೊಂಡಾಡುವವರು ಹೆದರದವರು. ಇವರ ಬೆರಳುಗಳು ಪೆನ್ನು ಹಿಡಿದಾಗ ನಡುಗುತ್ತವೆ, ಸಾಲು ಓರೆಯಾಗುತ್ತದೆ, ಒತ್ತಿದ ಮುದ್ರೆ ಜಾರುತ್ತದೆ; ಆದರೂ ಕೇಳದೆ ಬಿಟ್ಟ ಒಂದೇ ಒಂದು ಸಂಜೆಯನ್ನು ಜೀವಮಾನವಿಡೀ ಮರೆಯದೆ, ಮರುದಿನ ಮತ್ತೆ ಕನ್ನಡಕವನ್ನು ಹಣೆಗೇರಿಸುತ್ತಾರೆ. ನಮ್ಮ ಹತ್ತೂ ಬೆರಳುಗಳು ಇನ್ನೂ ಹತ್ತಾಗಿಯೇ ಉಳಿದಿದ್ದರೆ, ನಾವು ಕಾಣದ ಯಾವುದೋ ಕೋಣೆಯಲ್ಲಿ ಇಂಥವರೊಬ್ಬರು ನಮ್ಮ ಪರವಾಗಿ ಹೆದರಿ ನಿಂತಿದ್ದರು ಎಂದೇ ತಿಳಿಯಬೇಕು.